ಒಂದೇ ಹೊಳ್ಳೆ ಕಟ್ಟಿದರೆ ಅದು ಬರೀ ಶೀತವಾ?

ಮಂಗಳೂರಿನ ಮಳೆಗಾಲದಲ್ಲಿ ಯಾರ ಮೂಗು ನೆಟ್ಟಗಿರುತ್ತದೆ ಹೇಳಿ? ಗೋಡೆಯಲ್ಲಿ ಬೂಸ್ಟು, ಬಟ್ಟೆಯಲ್ಲಿ ಕಮಟು ವಾಸನೆ, ಮನೆಯಲ್ಲಿ ಎಲ್ಲರಿಗೂ ಶೀತ. ಮೂಗು ಕಟ್ಟಿದೆ ಅಂದರೆ ‘ಸೈನಸ್ ಇರಬೇಕು’ ಅಂತ ನಾವೇ ಹೇಳಿ, ಮೆಡಿಕಲ್‌ನಿಂದ ಡ್ರಾಪ್ಸ್ ತಂದುಬಿಡುತ್ತೇವೆ. ಹೆಚ್ಚಿನ ಸಲ ಅದು ಸರಿಯೂ ಹೌದು. ಕಷ್ಟ ಇರುವುದೇ ಅಲ್ಲಿ.

ನಮ್ಮ ಸಂಬಂಧಿಕರೊಬ್ಬರಿಗೆ ಎಡಗಡೆ ಹೊಳ್ಳೆ ಮಾತ್ರ ಕಟ್ಟುತ್ತಿತ್ತು. ಆಗಾಗ ಕರ್ಚೀಫಿನಲ್ಲಿ ಸ್ವಲ್ಪ ರಕ್ತ. ಉಷ್ಣ ಅಂತ ಮನೆಯಲ್ಲಿ ಬೊಂಡ ಕುಡಿಸಿದರು, ಕ್ಲಿನಿಕ್‌ನಲ್ಲಿ ಆಂಟಿಬಯೋಟಿಕ್ ಕೊಟ್ಟರು. ಆಮೇಲೆ ಮೇಲ್ದವಡೆಯ ಹಲ್ಲು ಅಲ್ಲಾಡಿತು. ಕೀಳಿಸಿದರು. ಗಾಯ ಮಾಯಲಿಲ್ಲ. ಎಂಡೋಸ್ಕೋಪ್ ಹಾಕಿ ನೋಡಿ, ಬಯಾಪ್ಸಿಗೆ ಚೂರು ತೆಗೆದು, ಇದು ಕ್ಯಾನ್ಸರ್ ಅಂತ ಗೊತ್ತಾಗುವಾಗ ಇನ್ನೊಂದು ಮಳೆಗಾಲ ಬಂದಿತ್ತು.

ಡಾಕ್ಟರನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಒಟ್ಟು ಕ್ಯಾನ್ಸರ್‌ಗಳಲ್ಲಿ ಮೂಗು, ಸೈನಸ್‌ನದ್ದು ಶೇ. 1ಕ್ಕಿಂತ ಕಮ್ಮಿ. ಎಷ್ಟೋ ಫ್ಯಾಮಿಲಿ ಡಾಕ್ಟರು ಒಂದು ಕೇಸೂ ನೋಡಿರಲಿಕ್ಕಿಲ್ಲ. ಸೈನಸ್ ಅಂದರೆ ಮುಖದ ಮೂಳೆಯೊಳಗಿನ ಖಾಲಿ ಜಾಗ. ಅಲ್ಲಿ ಗಡ್ಡೆ ಸದ್ದಿಲ್ಲದೆ ಬೆಳೆಯುತ್ತದೆ, ಶುರುವಿನಲ್ಲಿ ನೋವೂ ಇರುವುದಿಲ್ಲ. ಗೊತ್ತಾಗುವಾಗ ಕೆಲವರಲ್ಲಿ ಕಣ್ಣಿನ ಗುಂಡಿಗೋ ಮೆದುಳಿನ ಬುಡಕ್ಕೋ ತಲುಪಿರುತ್ತದೆ.

ಆದರೆ ‘ಒಂದೇ ಕಡೆನಾ, ಎರಡೂ ಕಡೆನಾ?’ ಅಂತ ಕೇಳಲು ಖರ್ಚೇನಿದೆ? ನನ್ನ ಸಿಟ್ಟು ಇಷ್ಟಕ್ಕೇ. ಶೀತ, ಅಲರ್ಜಿ ಸಾಮಾನ್ಯವಾಗಿ ಎರಡೂ ಹೊಳ್ಳೆಯನ್ನು ಕಾಡುತ್ತವೆ. ಒಂದೇ ಕಡೆ ವಾರಗಟ್ಟಲೆ ಕಟ್ಟಿ, ಅದೇ ಕಡೆ ರಕ್ತ, ಕೆನ್ನೆ ಜೋಮು, ಕಣ್ಣಲ್ಲಿ ನೀರು ಅಂತ ಇದ್ದರೆ ಮತ್ತೊಂದು ಕೋರ್ಸ್ ಮಾತ್ರೆ ಬೇಡ, ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಹೋದರೂ ಹೆಚ್ಚಿನವರಿಗೆ ಸಿಗುವುದು ಪಾಲಿಪ್ಪೋ (ಕ್ಯಾನ್ಸರ್ ಅಲ್ಲದ ಮೆತ್ತನೆಯ ಗಂಟು), ಮೂಗಿನ ನಡುಗೋಡೆ ಸೊಟ್ಟಗಿರುವುದೋ ಅಷ್ಟೇ. ಬರೀ ಎಕ್ಸ್‌ರೇ ತೆಗೆದು ಸಮಾಧಾನ ಮಾಡಿಕೊಳ್ಳಬೇಡಿ. ಅದರಲ್ಲಿ ಗಡ್ಡೆಯೂ ಕಟ್ಟಿಕೊಂಡ ಸಿಂಬಳವೂ ಒಂದೇ ತರ ಮಸುಕಾಗಿ ಕಾಣಬಹುದು.

ಇನ್ನೊಂದು ವಿಷಯ, ಮರದ ಪುಡಿ. ಇಂಗ್ಲೆಂಡಿನ ಹೈ ವಿಕಂಬ್ ಸುತ್ತಮುತ್ತ ಕುರ್ಚಿ, ಮೇಜು ಮಾಡುವವರಲ್ಲಿ ಈ ಕ್ಯಾನ್ಸರ್ ಜಾಸ್ತಿ ಅಂತ 1960ರ ದಶಕದಲ್ಲೇ ಕಂಡುಕೊಂಡಿದ್ದರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಪ್ರಕಾರವೂ ಮರದ ಪುಡಿ ಕ್ಯಾನ್ಸರ್ ತರುವ ವಸ್ತುವೇ. ನಮ್ಮಲ್ಲಿ ಮಿಲ್ಲು, ಫರ್ನಿಚರ್ ಶೆಡ್ ಕಮ್ಮಿಯಾ? ಬೋಗಿ, ಹಲಸು, ಸಾಗುವಾನಿ ಕೊಯ್ಯುವವರು ಮುಖಕ್ಕೆ ಒಂದು ಬೈರಾಸು ಸುತ್ತಿಕೊಂಡರೆ ಅದೇ ದೊಡ್ಡದು. ಅವರ ಮೂಗು ಕಟ್ಟಿದರೆ ‘ಧೂಳಿನ ಅಲರ್ಜಿ’ ಅಂತ ಚೀಟಿ ಬರೆದು ಕಳಿಸುತ್ತಾರೆ. ಎಷ್ಟು ವರ್ಷದಿಂದ ಈ ಕೆಲಸ, ಯಾವ ಕಡೆ ಕಟ್ಟುತ್ತದೆ ಅಂತ ಕೇಳುವವರು ಕಮ್ಮಿ.