ಬಿಸಿಲು ನಮ್ಮ ಹಣಿಬರಹ ಅಂತ ಸುಮ್ನ ಕುಂದರಬ್ಯಾಡ್ರಿ

ಏಪ್ರಿಲ್ ಬಂತಂದ್ರ ನಮ್ಮ ಕಲಬುರಗಿ ವಿಭಾಗದಾಗ ಸರ್ಕಾರಿ ಆಫೀಸ್ ಟೈಮಿಂಗ್ ಮುಂಜಾನಿ 8ರಿಂದ ಮಧ್ಯಾಹ್ನ 1:30 ಆಗ್ತದ. 43, 44 ಡಿಗ್ರಿ ಅಂತ ಪೇಪರ್‌ನವ್ರು ಖಾಲಿ ರಸ್ತಾದ ಫೋಟೊ ಹಾಕ್ತಾರ, ವಾಟ್ಸಾಪ್‌ದಾಗ ಯಾರೋ ನೆಲಕ್ಕ ಹಾಸೋ ಪರ್ಸಿ ಕಲ್ಲಿನ ಮ್ಯಾಲ ಆಮ್ಲೆಟ್ ಹಾಕೋ ವಿಡಿಯೊ ಬಿಡ್ತಾರ, ಎಲ್ರೂ ನಗ್ತೀವಿ, "ಏನ್ ಮಾಡೋದ್ರಿ, ನಮ್ಮ ಕಡಿ ಬಿಸಿಲೇ ಹಂಗ" ಅಂತೀವಿ. ಅಲ್ಲಿಗೆ ಮುಗೀತು. ನನಗ ಸಿಟ್ಟು ಬರೋದು ಈ ಮಾತಿಗೇ ನೋಡ್ರಿ. ಬಿಸಿಲು ನಮ್ಮ ಮುತ್ಯಾನ ಕಾಲಕ್ಕೂ ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಧೂಳ, ಬತ್ತಿದ ಹೊಳಿ, ನಿಂತಲ್ಲೇ ಒಣಗೋ ತೊಗರಿ, ರಾತ್ರಿ ಹನ್ನೆರಡಾದ್ರೂ ಆರದ ಮನಿ, ಇದನ್ನೆಲ್ಲ ಬಿಸಿಲಿನ ಲೆಕ್ಕಕ್ಕೇ ಬರದ್ರ ಯಾರಿಗೆ ಆರಾಮ ಹೇಳ್ರಿ? ಹಣಿಬರಹ ಅಂದ್ಮ್ಯಾಲ ಯಾರನ್ನೂ ಕೇಳೋದೇ ಬ್ಯಾಡ ಆಯ್ತಲ್ಲ.

ಮೊದಲು ಸಿಮೆಂಟಿನ ಮಾತು ಹೇಳ್ತೀನಿ. ಸೇಡಂ, ಮಳಖೇಡ, ವಾಡಿ, ಚಿತ್ತಾಪುರ ಈ ಪಟ್ಟಿ ಪೂರಾ ಕೆಳಗ ಸುಣ್ಣದಕಲ್ಲು ಅದ. ಸಿಮೆಂಟ್ ಮಾಡಲಿಕ್ಕ ಅದನ್ನ ಸ್ಫೋಟ ಮಾಡಿ ತಗದು, ಪುಡಿ ಮಾಡಿ, ಭಟ್ಟಿಯಾಗ 1450 ಡಿಗ್ರಿ ತನಕ ಕಾಸ್ತಾರ. ಕಲ್ಲಿದ್ದಲು ಸುಟ್ರ ಹೊಗಿ ಬರ್ತದ ಅಂತ ಸಾಲಿ ಹುಡುಗನಿಗೂ ಗೊತ್ತದ, ಆದ್ರ ಭಾಳ ಮಂದಿಗೆ ಗೊತ್ತಿಲ್ದಿದ್ದು ಅಂದ್ರ ಕಲ್ಲೇ ಕಾರ್ಬನ್ ಡೈಆಕ್ಸೈಡ್ ಬಿಡ್ತದ. ಚೊಕ್ಕ ಸುಣ್ಣದಕಲ್ಲು ಒಂದು ಟನ್ ಸುಟ್ರ ಕೈಗೆ ಸಿಗೋ ಸುಣ್ಣ 560 ಕೆಜಿ, ಉಳಿದ 440 ಕೆಜಿ ಗ್ಯಾಸ್ ಆಗಿ ಹೋಗ್ತದ. ಅಂದ್ರ ನಾಳೆ ಕಲ್ಲಿದ್ದಲು ಬಿಟ್ಟು ಸೋಲಾರ್‌ದಾಗ ಭಟ್ಟಿ ನಡಿಸಿದ್ರೂ ಸಿಮೆಂಟಿನ ಕಾರ್ಬನ್ ಡೈಆಕ್ಸೈಡ್ ಅರ್ಧಕ್ಕಿಂತ ಜಾಸ್ತಿ ಹಂಗೇ ಉಳೀತದ. ಜಗತ್ತಿನ ಒಟ್ಟು ಕಾರ್ಬನ್ ಡೈಆಕ್ಸೈಡ್‌ದಾಗ ಸಿಮೆಂಟಿನ ಪಾಲು ಸುಮಾರು 7-8 ಪರ್ಸೆಂಟ್, ಮತ್ತ ಸಿಮೆಂಟ್ ಮಾಡೋದ್ರಾಗ ಚೀನಾ ಬಿಟ್ರ ನಮ್ಮ ದೇಶನೇ. ಇಲ್ಲಿ ಬಿಟ್ಟ ಗ್ಯಾಸ್ ಇಲ್ಲೇ ನಿಂತು ನಮ್ಮನ್ನೇ ಸುಡ್ತದ ಅಂತ ನಾ ಹೇಳ್ತಿಲ್ಲ, ಅದು ಜಗತ್ತಿಗೆಲ್ಲ ಹರಡ್ತದ. ಆದ್ರ ಬಿಲ್ಡಿಂಗ್ ಏಳೋದು ಬೆಂಗಳೂರಾಗ, ಹೈದ್ರಾಬಾದದಾಗ, ಖಣಿ ಬೀಳೋದು ನಮ್ಮ ಹೊಲದಾಗ. ಆ ಖಣಿ ನೀರಿನ ಮಟ್ಟಕ್ಕಿಂತ ಕೆಳಗ ಇಳೀತಂದ್ರ ಕೆಲಸ ನಡೀಬೇಕಂತ ಪಂಪ್ ಹಚ್ಚಿ ನೀರು ಹೊರಗ ಹಾಕ್ತಾರ, ಆಜುಬಾಜು ಬಾವಿ ಬೋರು ಕೆಳಗ ಹೋಗ್ತಾವ. ಅವಾಗ ನಾವು ಏನಂತೀವಿ? "ಈ ಸಲ ಬಿಸಿಲು ಜಾಸ್ತಿ, ಬಾವಿ ಬತ್ತ್ಯಾವ."

ಧೂಳಿಂದೂ ಹಿಂಗೇ. ಚಿಮಣಿಗೆ ಫಿಲ್ಟರ್ ಅದ, ಮೀಟರ್ ಅದ, ಆನ್‌ಲೈನ್ ರೀಡಿಂಗ್ ಹೋಗ್ತದ ಅಂತಾರ. ಇರಲಿ, ಒಳ್ಳೇದೇ. ಆದ್ರ ಊರಾಗ ಹಾಯ್ದು ಹೋಗೋ ಲಾರಿ ಗಾಲಿಗೆ ಯಾವ ಮೀಟರ್ ಅದ? ತಾಡಪತ್ರಿ ಕಟ್ಟದ ಹೋಗೋ ಟಿಪ್ಪರ್‌ಗೆ? ಹೆಣ್ಮಕ್ಕಳು ಅಂಗಳದಾಗ ಹಪ್ಪಳ ಶ್ಯಾವಿಗಿ ಒಣ ಹಾಕೋದು ಬಿಟ್ಟಾರ, ಅದೇ ನಮ್ಮ ಮೀಟರ್.

ದೊಡ್ಡ ಕಂಪನಿಗಷ್ಟೇ ಬೈದು ಕುಂತ್ರ ನಡಿಯಂಗಿಲ್ಲ ಮತ್ತ. ಶಹಾಬಾದ ಪರ್ಸಿ ಅಂದ್ರ ನಮಗೆಲ್ಲ ಹೆಮ್ಮಿ, ಅರ್ಧ ದೇಶದ ಅಂಗಳದಾಗ ನಮ್ಮ ಕಲ್ಲು ಹಾಸ್ಯಾರ. ಒಂದ್ಸಲ ಪಾಲಿಶ್ ಮಷೀನಿನ ಬಾಜು ನಿಂತು ನೋಡ್ರಿ. ಬ್ಲೇಡ್ ಕಾಯಬಾರದಂತ ಪೈಪಿನಿಂದ ನೀರು ಬಿಡ್ತಾನೇ ಇರ್ತಾರ, ಆ ನೀರು ಕಲ್ಲಿನ ಹಿಟ್ಟು ಕಲಸ್ಕೊಂಡು ಹಾಲಿನಂಗ ಗಟಾರಕ್ಕ ಇಳೀತದ, ಕೆಲಸ ಮಾಡೋ ಹುಡುಗನ ಮೊಣಕಾಲ ತನಕ ಬೆಳ್ಳಗ, ಮಾಸ್ಕ್ ಅಂದ್ರ ಕೊಳ್ಳಾಗಿನ ಟವೆಲ್. ಆ ಕಲ್ಲಿನ ರಾಡಿಯನ್ನ ಟ್ರ್ಯಾಕ್ಟರ್‌ದಾಗ ತುಂಬಿ ರಸ್ತಾದ ಬದೀಗೆ ಇಲ್ಲಾ ಹಳ್ಳದಾಗ ಸುರೀತಾರ. ಹಸಿ ಇದ್ದಾಗ ಏನೂ ಅನಸಂಗಿಲ್ಲ. ಒಣಗಿದ ಮ್ಯಾಲ ಗೊತ್ತಾಗ್ತದ, ಒಂದು ಬಸ್ ಹಾದ್ರ ಸಾಕು ಹಿಂದ ಬರೋ ಬೈಕಿನಂವನಿಗೆ ಕಣ್ಣು ಕಾಣಂಗಿಲ್ಲ, ಅದೇ ಪುಡಿ ಹೊಲಕ್ಕ ಬಿದ್ದು ಮಳಿಯಾಗ ಗಟ್ಟಿ ಪದರ ಆಗಿ ನೀರು ಇಂಗದಂಗ ಮಾಡ್ತದ. ಈ ಕೆಲಸ ಮಾಡೋರು ಎಲ್ಲಿಂದೋ ಬಂದ ದುಷ್ಮನ್ ಅಲ್ಲ, ನಮ್ಮವರೇ, ನಮ್ಮ ಬೀಗರೇ. ಬಿಟ್ಟು ಹೋದ ಖಣಿಯಾಗ ಬ್ಯಾಸಗಿ ರಜಾಕ್ಕ ಈಜಲಿಕ್ಕ ಹೋಗಿ ಹುಡುಗ್ರು ಮುಳುಗ್ತಾರಲ್ಲ, ಆ ಖಣಿಗೆ ಒಂದು ತಂತಿ ಬೇಲಿ ಹಾಕಲಿಕ್ಕೂ ಕೈ ಬರಂಗಿಲ್ಲ ಇವರಿಗೆ.

ಮನಿ ಬಗ್ಗೆ ಒಂದು ಮಾತು. ಮೊದಲಿನ ಕಲ್ಲಿನ ದಪ್ಪ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ, ಒಳಗ ಹೋದ್ರ ಜೀವ ತಣ್ಣಗ ಅನಸ್ತಿತ್ತು. ಸೋರ್ತಿತ್ತು, ಚೇಳು ಬೀಳ್ತಿತ್ತು, ವರ್ಷಾ ಮಣ್ಣು ಹಾಕಬೇಕಿತ್ತು, ಹಂಗಾಗಿ ಕೆಡವಿದ್ರು, ಅದನ್ನ ನಾ ತಪ್ಪನ್ನಂಗಿಲ್ಲ. ಆದ್ರ ಅದರ ಬದಲಿಗೆ ನಾಕು ಇಂಚಿನ ಸ್ಲ್ಯಾಬ್ ಹಾಕಿ, ಮ್ಯಾಲ ಕರಿ ಟ್ಯಾಂಕ್ ಇಟ್ವಿ. ರಾತ್ರಿ ಒಂಬತ್ತಕ್ಕ ನಳ ಬಿಟ್ರ ಚಹಾ ಮಾಡೋ ಹಂಗ ನೀರು ಬರ್ತದ. ಹಗಲೆಲ್ಲ ಕುಡಿದ ಕಾವನ್ನ ಸ್ಲ್ಯಾಬ್ ರಾತ್ರಿ ಪೂರಾ ಒಳಗ ಬಿಡ್ತದ. ದುಡ್ಡಿದ್ದಂವ ಎಸಿ ಹಾಕ್ಕೊಂಡು ಅದರ ಬಿಸಿ ಗಾಳಿ ಬಾಜು ಮನಿಯವನ ಕಿಡಕಿಗೆ ಬಿಡ್ತಾನ, ತಗಡಿನ ಶೆಡ್ಡಿನಾಗ ಇರೋರು ಬಾಗಲ ಮುಂದ ಹೊರಸು ಹಾಕ್ಕೊಂಡು ಸೊಳ್ಳಿ ಬಡೀತಾರ.

ಇನ್ನ ಭೀಮಾ. ಒಂದೇ ಹೊಳಿ, 2020ರ ಅಕ್ಟೋಬರ್‌ದಾಗ ಅಫಜಲಪುರ, ಜೇವರ್ಗಿ ಕಡಿ ಊರೂರು ಮುಳುಗಿಸ್ತು, 2023ರಾಗ ಮಳಿ ಇಲ್ದ ರಾಜ್ಯದ 236 ತಾಲೂಕಿನಾಗ 223 ಬರಗಾಲ ಅಂತ ಘೋಷಣಾ ಆದವು, ಮುಂದಿನ ಬ್ಯಾಸಗ್ಯಾಗ ಅದೇ ಅಫಜಲಪುರದಾಗ ಭೀಮಾಕ್ಕ ನೀರು ಬಿಡ್ರಿ ಅಂತ ಉಪವಾಸ ಕುಂತ್ರು, 2025ರ ಸೆಪ್ಟೆಂಬರ್‌ದಾಗ ಮತ್ತ ಮುಳುಗಿದ್ವಿ. ಮ್ಯಾಲ ಮಹಾರಾಷ್ಟ್ರದಾಗ ಉಜನಿ ಡ್ಯಾಮ್ ತುಂಬಿದ್ರ ಬಿಡ್ತಾರ, ತುಂಬದಿದ್ರ ಹನಿನೂ ಇಲ್ಲ, ಅದು ಖರೆ, ಆದ್ರ ಎಲ್ಲಾ ಅವರ ಮ್ಯಾಲೇ ಹಾಕೋದೂ ಸರಿ ಅಲ್ಲ. ಸೋಲಾಪುರದವ್ರು ಕಬ್ಬು ಹಚ್ಚಿದ್ರ ತಪ್ಪು, ನಾವು ಆಳಂದ, ಅಫಜಲಪುರದಾಗ ಹಚ್ಚಿದ್ರ ಅಭಿವೃದ್ಧಿ? ಮತ್ತ ಉಸುಕು. ಹೊಳಿಯಾಗಿನ ಉಸುಕು ಅಂದ್ರ ನೀರು ಹಿಡಿದಿಡೋ ಜಾಗ, ಮೊದಲು ಬ್ಯಾಸಗ್ಯಾಗ ಒಂದು ಮೊಳ ತೋಡಿದ್ರ ವರತಿ ನೀರು ಸಿಗ್ತಿತ್ತು. ಅದನ್ನ ಬಳದು ಬಳದು ಕೆಳಗಿನ ಬಂಡಿಗಲ್ಲು ಕಾಣಂಗ ಮಾಡ್ಯಾರ. ತಡಿಯೋರಿಗೆ ಏನಾಗ್ತದ ಅಂತಾನೂ ನೋಡೀವಿ, 2023ರ ಜೂನ್‌ದಾಗ ಜೇವರ್ಗಿ ತಾಲೂಕಿನಾಗ ಉಸುಕಿನ ಟ್ರ್ಯಾಕ್ಟರ್ ತಡೀಲಿಕ್ಕ ಹೋದ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಅದೇ ಟ್ರ್ಯಾಕ್ಟರ್ ಹರಿದು ಸತ್ರು. ಇದನ್ನೂ ಬಿಸಿಲಿನ ಲೆಕ್ಕಕ್ಕ ಬರೀತೀರೇನು?

ತೊಗರಿ ಕಣಜ ಅಂತೀವಿ, 2019ರಾಗ, ಇದು ಈ ಸೀಮಿದೇ ಬೆಳಿ ಅನ್ನೋ ಜಿಐ ಟ್ಯಾಗ್ ಸಿಕ್ತು ಅಂತ ಪೇಢಾ ಹಂಚಿದ್ವಿ. 2022ರಾಗ ನೆಟೆ ರೋಗ ಬಂದು ಹೊಲ ಹೊಲನೇ ನಿಂತಲ್ಲೇ ಒಣಗ್ತು, ಹೂವಿಗೆ ಬಂದ ಗಿಡ. ನಮ್ಮ ಕಾಕಾ ಒಂದು ಗಿಡ ಕಿತ್ತು ಕುಡುಗೋಲಿಲೆ ತೊಗಟಿ ಸೀಳಿ ತೋರಿಸಿದ್ದ, ಒಳಗ ಬೇರಿನಿಂದ ಮ್ಯಾಲಿನ ತನಕ ಕರಿ ಗೆರಿ ಎಳದಂಗ ಆಗಿತ್ತು. "ನೀರು ಏರೋ ದಾರಿನೇ ಬಂದ್ ಆಗ್ಯದ ನೋಡ್ ತಮ್ಮಾ, ಹೊಲದಾಗ ನೀರು ನಿಂತದ, ಗಿಡ ನೀರಿಲ್ದ ಸಾಯ್ತದ" ಅಂದ. ಅದು ಮಣ್ಣಿನಾಗ ವರ್ಷಗಟ್ಟಲೆ ಬದುಕೋ ಶಿಲೀಂಧ್ರ. ಒಂದೇ ಹೊಲದಾಗ ವರ್ಷಾ ತೊಗರಿ ಮ್ಯಾಲ ತೊಗರಿ ಹಾಕಿದ್ರ ಅದಕ್ಕ ಹಬ್ಬ, ನಡುವ ಜೋಳ ಹಾಕಿದ್ರ ಕಡಿಮಿ ಆಗ್ತದ ಅಂತ ಕೃಷಿ ವಿಜ್ಞಾನಿಗಳೂ ಹೇಳ್ತಾರ, ನಮ್ಮ ಹಿರ್‍ಯಾರಿಗೂ ಗೊತ್ತಿತ್ತು. ಆದ್ರ ಜೋಳಕ್ಕ ರೇಟ್ ಇಲ್ಲ, ರಾಶಿ ಮಾಡಲಿಕ್ಕ ಆಳಿಲ್ಲ, ರೈತ ಯಾಕ ಹಾಕ್ಯಾನು? ಹಂಗಾಗಿ ಇದು ಬರೇ ಮಳಿ ತಪ್ಪೂ ಅಲ್ಲ, ಬರೇ ರೈತನ ತಪ್ಪೂ ಅಲ್ಲ, ಮಾರ್ಕೆಟ್‌ದಾಗಿನ ರೇಟ್ ಬಂದು ಬೇರಿನಾಗ ಕುಂತದ.

ಬೀದರ, ಯಾದಗಿರಿ ಮಂದಿ ನಮ್ಮನ್ನ ಮರತ್ರಿ ಅಂತ ಬೈಬಾರದು. ಬೀದರದ ನೌಬಾದದಾಗ ಬಹಮನಿ ಕಾಲದ ಸುರಂಗ ಬಾವಿ ಅದ, ಕೆಂಪು ಜಂಬಿಟ್ಟಿಗಿ ಕಲ್ಲು ಕೊರದು ನೆಲದ ಕೆಳಗೇ ನೀರು ಹರಿಸಿದ ಜಾಣರು ಅವರು, ಅದೇ ಜಿಲ್ಲಾದಾಗ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಸುತ್ತಿನ ಊರವ್ರು ಬೋರಿನ ನೀರು ಕುಡೀಲಿಕ್ಕ ಬರಂಗಿಲ್ಲ ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಗ್ಯಾರ. ಯಾದಗಿರಿಯ ಕಡೇಚೂರ ಕಡಿ ಇಂಡಸ್ಟ್ರಿಗಂತ 3 ಸಾವಿರ ಎಕರೆಕ್ಕಿಂತ ಜಾಸ್ತಿ ಭೂಮಿ ತಗೊಂಡ್ರು, ನೌಕರಿ ಬರ್ತಾವ ಅಂದ್ರು, ಈಗ ಅಲ್ಲಿ ಕೆಮಿಕಲ್ ಕಂಪನಿ ವಾಸನಿಗೆ ರಾತ್ರಿ ಕಿಡಕಿ ಮುಚ್ಚಿ ಮಲಗ್ತಾರ. ಭೂಮಿ ಕೊಟ್ಟೋರ ಮಕ್ಕಳು ಬೆಂಗಳೂರು, ಪುಣೆ, ಮುಂಬೈಗೆ ಗೌಂಡಿ ಕೆಲಸಕ್ಕ ಹೋಗ್ಯಾರ.

ಪರಿಹಾರ ಏನು ಅಂದ್ರ ಜೂನ್ 5ರ ಪರಿಸರ ದಿನಕ್ಕ ಸಸಿ ಹಿಡ್ಕೊಂಡು ಫೋಟೊ. ಒಂದು ಸಸಿಗೆ ಹತ್ತು ಮಂದಿ ಕೈ ಹಚ್ಚಿರ್ತಾರ, ಜುಲೈದಾಗ ಆ ಸಸಿ ಆಡು ತಿಂದಿರ್ತದ. ಗಿಡ ಹಚ್ಚಬ್ಯಾಡ್ರಿ ಅನ್ನಂಗಿಲ್ಲ, ಹಚ್ಚ್ರಿ, ಬೇವು ಹಚ್ಚ್ರಿ, ಆದ್ರ ರಸ್ತಾ ಅಗಲ ಮಾಡ್ತೀವಂತ ಮುತ್ಯಾನ ಕಾಲದ ಬೇವಿನ ಗಿಡ ಕಡಿಯೋದು ಮೊದಲು ನಿಲ್ಲಿಸ್ರಿ. ಚಿಂಚೋಳಿ ಕಾಡು ಒಂದು ಉಳದದ, 134 ಚದರ ಕಿಲೋಮೀಟರ್, 2011ರಾಗ ವನ್ಯಜೀವಿ ಧಾಮ ಆಯ್ತು, ಅದನ್ನಾದ್ರೂ ಬಿಡ್ರಿ.

ಮತ್ತ ರೊಕ್ಕ ಇಲ್ಲ ಅನ್ನಬ್ಯಾಡ್ರಿ. 2015ರ ಗಣಿ ಕಾನೂನು ತಿದ್ದುಪಡಿ ಆದಾಗಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಒಂದು ಅದ, ಡಿಎಂಎಫ್ ಅಂತಾರ. ಗಣಿ ಕಂಪನಿ ಕೊಡೋ ರಾಯಲ್ಟಿ ಜೋಡಿ ಇದಕ್ಕೂ ದುಡ್ಡು ಹಾಕಬೇಕು, ಅದು ಗಣಿಯಿಂದ ತ್ರಾಸು ಆದ ಊರಿಗೇ ಖರ್ಚಾಗಬೇಕು, ಕುಡಿಯೋ ನೀರು, ಆರೋಗ್ಯ, ಪರಿಸರ ಇವೇ ಮೊದಲು. ಖಣಿ ಮುಗದ ಮ್ಯಾಲ ಮುಚ್ಚೋ ಪ್ಲ್ಯಾನ್ ಮೊದಲೇ ಕೊಡಬೇಕು ಅಂತಾನೂ ಕಾನೂನಿನಾಗ ಅದ. ನಮ್ಮೂರ ಗ್ರಾಮಸಭಾದಾಗ ಗಟಾರ, ಹೈಮಾಸ್ಟ್ ಲೈಟು, ಸಮುದಾಯ ಭವನ ಇದರ ಮ್ಯಾಲೇ ಜಗಳ ಆಗ್ತದ, ಡಿಎಂಎಫ್ ದುಡ್ಡಿನ ಪಟ್ಟಿ ಓದಿದ್ದು ನಾ ಕೇಳಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದ ಕಡಿ ಗೆಳ್ಯಾರ ಯಾರರ ನಿಮ್ಮ ಪಂಚಾಯ್ತಿಯಾಗ ಆ ಪಟ್ಟಿ ಕೇಳಿದ್ರ, ಇಲ್ಲಾ ಆರ್‌ಟಿಐ ಹಾಕಿ ತಗೊಂಡಿದ್ರ ಇಲ್ಲಿ ಹಾಕ್ರಿ. ಯಾವ ಊರಿಗೆ ಎಷ್ಟು ಬಂತು, ಯಾವ ಕೆಲಸಕ್ಕ ಹೋಯ್ತು, ಖಣಿಯ ಬಾಜು ಊರಿಗೆ ಬಂತೋ ಇಲ್ಲಾ ಜಿಲ್ಲಾ ಕೇಂದ್ರದ ಯಾವುದರ ಕಟ್ಟಡಕ್ಕ ಹೋಯ್ತೋ, ಅದು ಮೊದಲು ಹೊರಗ ಬರಲಿ.