ಡಿಸ್ಕ್ ಮತ್ಸ್ಯಗಂಧದಲ್ಲಿ, ಕಂಪ್ಯೂಟರ್ ಡೊಂಬಿವಲಿಯಲ್ಲಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮನೆ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲಿಗೆ ಇರುವುದು ಡೆಬಿಯನ್ ಲಿನಕ್ಸ್. ಪುಣೆಯಲ್ಲಿರುವ ಅಣ್ಣನ ಮಗ ಹಾಕಿಕೊಟ್ಟದ್ದು. ದುಡ್ಡು ಕೊಡಬೇಕಿಲ್ಲ, ಹಳೇ ಮಷೀನಲ್ಲೂ ಆರಾಮಾಗಿ ಓಡುತ್ತೆ. ಆದರೆ ಹೆಸರು ಬರೆದವರೆಲ್ಲ ಬಂದು ಕೂರುವ ತನಕ ಎಲೆ ಹಾಕದ ಮದುವೆಮನೆ ಯಜಮಾನನ ಬುದ್ಧಿ ಅದಕ್ಕೆ.

ಉಡುಪಿಯಿಂದ ಬಂದಿದ್ದ ಭಾವ ಹೊರಡುವಾಗ, "ಯಕ್ಷಗಾನದ ರೆಕಾರ್ಡಿಂಗ್ ಎಲ್ಲ ಇದರಲ್ಲೇ ಉಂಟಲ್ವಾ" ಅಂತ ಯುಎಸ್‌ಬಿ ಹಾರ್ಡ್ ಡಿಸ್ಕನ್ನು ಕಿತ್ತು, ಚಕ್ಕುಲಿ ಡಬ್ಬದ ಪಕ್ಕ ತುರುಕಿಕೊಂಡು, ಠಾಣೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ರೈಲು ಹತ್ತಿದರು. ಮರುದಿನ ಸೊಸೈಟಿ ಮೀಟಿಂಗು. ನಾನು ಖಜಾಂಚಿ. ಲೆಕ್ಕದ ಪ್ರಿಂಟ್ ತೆಗೆಯೋಣ ಅಂತ ರಾತ್ರಿ ಸ್ವಿಚ್ ಒತ್ತಿದೆ.

"ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್" ಅಂತ ಒಂದು ಸಾಲು. ಪಕ್ಕದಲ್ಲಿ ಕೆಂಪು ಚುಕ್ಕಿಗಳು ಆ ಕಡೆ ಈ ಕಡೆ ಓಡಾಡುತ್ತಾ ಇವೆ, ಸೆಕೆಂಡಿನ ಲೆಕ್ಕ ಏರುತ್ತಾ ಇದೆ. 90 ಸೆಕೆಂಡ್ ಮುಗಿದದ್ದೇ ಎಮರ್ಜೆನ್ಸಿ ಮೋಡ್! ಐಕಾನೂ ಇಲ್ಲ, ಮೌಸಿನ ಬಾಣವೂ ಇಲ್ಲ. ರೂಟ್ ಪಾಸ್‌ವರ್ಡ್ ಕೊಡು, ಇಲ್ಲವೇ ಕಂಟ್ರೋಲ್-ಡಿ ಒತ್ತು ಅಂತು. ಒತ್ತಿದೆ. ಮತ್ತೆ ಅದೇ ಚುಕ್ಕಿಗಳು.

"ಆಸ್ಪತ್ರೇಲಿ ಎಮರ್ಜೆನ್ಸಿ ಅಂದ್ರೆ ಬೇಗ ನೋಡ್ತಾರಪ್ಪ" ಅಂದಳು ಹೆಂಡತಿ.

ಭಾವನಿಗೆ ಫೋನ್ ಮಾಡಿದೆ. "ಡಿಸ್ಕಾ? ಭದ್ರ ಉಂಟು ಮಾರಾಯಾ, ತಲೆಯಡಿಗೇ..." ಅಷ್ಟಕ್ಕೇ ಕಟ್. ಕರ್ಬುಡೆ ಸುರಂಗವೇ ಇರಬೇಕು. 6.5 ಕಿಲೋಮೀಟರ್, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಇನ್ನು ಕಾಯುವ ಮಾತೇ ಇಲ್ಲ.

ಪುಣೆಯ ಹುಡುಗ ಮಾತ್ರ ತಣ್ಣಗಿದ್ದ. "ಏನೂ ಕೆಟ್ಟಿಲ್ಲ ಚಿಕ್ಕಪ್ಪ. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಕೂರಬೇಕು ಅಂತ ಎಫ್‌ಎಸ್‌ಟ್ಯಾಬ್ ಫೈಲಲ್ಲಿ ಬರೆದಿರುತ್ತೆ. ಅದು ನಿಮ್ಮ ಭಾವನ ಡಿಸ್ಕಿಗೆ ಕಾಯ್ತಿದೆ ಅಷ್ಟೇ." ರೂಟ್ ಪಾಸ್‌ವರ್ಡ್ ಹಾಕಿಸಿ, ನ್ಯಾನೋ ಅನ್ನೋ ಎಡಿಟರಿನಲ್ಲಿ ಆ ಫೈಲ್ ತೆರೆಸಿದ. ಯುಯುಐಡಿ ಅಂತ ಡಿಸ್ಕಿನ ಗುರುತಿನ ಮಾರುದ್ದದ ನಂಬರು, ಆ ಸಾಲಿನಲ್ಲೇ 'ಡಿಫಾಲ್ಟ್ಸ್' ಅಂತಿತ್ತು. ಅದರ ಪಕ್ಕ ಕಾಮಾ ಹಾಕಿ 'ನೋಫೇಲ್' ಬರೆಯಬೇಕಂತೆ, ಅಂದರೆ ಡಿಸ್ಕ್ ಬರದಿದ್ದರೂ ಮುಂದೆ ಹೋಗು ಅಂತ. "ಕಾಮಾ ಆದ್ಮೇಲೆ ಜಾಗ ಬಿಡ್ಬೇಡಿ!" ಬಿಡಲಿಲ್ಲ. ರೀಬೂಟ್ ಮಾಡಿದರೆ ಸೀದಾ ಡೆಸ್ಕ್‌ಟಾಪು. ಇಷ್ಟು ಸಣ್ಣ ಮಾತಿಗೆ ಎಮರ್ಜೆನ್ಸಿ ಘೋಷಿಸೋದಾ?

ಮರುದಿನ ಮೀಟಿಂಗಿನಲ್ಲಿ ಮೇಂಟೆನೆನ್ಸ್ ಏರಿಸುವ ವಿಷಯಕ್ಕೆ ಎಲ್ಲರೂ ಕೈ ಎತ್ತುತ್ತಿದ್ದಾಗ ಭಾವನ ಫೋನು. "ಮಗನ ಲ್ಯಾಪ್‌ಟಾಪಿಗೆ ಡಿಸ್ಕ್ ಸಿಕ್ಕಿಸಿದೆ. ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳ್ತಾ ಉಂಟು. ಹೌದು ಅಂತ ಒತ್ತಲಾ?" ಅದು ವಿಂಡೋಸ್. ಲಿನಕ್ಸಿನ ಇಎಕ್ಸ್‌ಟಿ4 ಮಾದರಿಯಲ್ಲಿ ಬರೆದ ಡಿಸ್ಕು ಅದಕ್ಕೆ ತಾನಾಗಿ ಓದಲು ಬರುವುದಿಲ್ಲ, ಒರೆಸಿಹಾಕಲು ಮಾತ್ರ ಬರುತ್ತೆ. ನಾನು ಎದ್ದು ನಿಂತು, ಕೈ ತಲೆ ಎರಡನ್ನೂ ಅಲ್ಲಾಡಿಸುತ್ತಾ "ಬೇಡ ಬೇಡ!" ಅಂತ ಕಿರುಚಿದೆ. ಮೇಂಟೆನೆನ್ಸ್ ಏರಿಸಲು ಖಜಾಂಚಿಯದೇ ವಿರೋಧ ಅಂತ ಸೆಕ್ರೆಟರಿ ಮಿನಿಟ್ಸಿನಲ್ಲಿ ಬರೆದುಕೊಂಡರು.