ರಾಬಿನ್ ಅಲ್ಲ, ರೀಗಲ್!

ನಮ್ಮ ಮನೆಯವರಿಗೆ ಬೀಗದ ಕೈ ಎಲ್ಲಿಟ್ಟೆ ಅನ್ನೋದು ಯಾವತ್ತೂ ನೆನಪಿರುವುದಿಲ್ಲ. ಆದರೆ 1963ರಲ್ಲಿ ಬಿಬಿಸಿಯ ಬ್ರಯಾನ್ ಹಾಡ್ಜ್‌ಸನ್ ತನ್ನ ಅಮ್ಮನ ಮನೆಯ ಬೀಗದ ಕೈಯನ್ನು ಯಾವುದಕ್ಕೆ ಉಜ್ಜಿದ ಎಂದು ಕೇಳಿ. ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಹಳೇ ಪಿಯಾನೋದ ತಂತಿಗೆ! ಆ ಕರಕರ ಸದ್ದನ್ನು ಟೇಪಿನಲ್ಲಿ ಹಿಡಿದು, ಹಿಂದುಮುಂದು ಮಾಡಿ ತಯಾರಿಸಿದ್ದೇ ‘ಡಾಕ್ಟರ್ ಹೂ’ ಧಾರಾವಾಹಿಯ ಟಾರ್ಡಿಸ್ ಸದ್ದು. ಟಾರ್ಡಿಸ್ ಅಂದರೆ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆ. ಹೊರಗಿನಿಂದ ಚಿಕ್ಕದು, ಒಳಗೆ ದೊಡ್ಡದು, ಯಾವ ಕಾಲಕ್ಕೆ ಬೇಕಾದರೂ ಕರೆದುಕೊಂಡು ಹೋಗುತ್ತದೆ. ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ನಾವು ಬಾಗಿಲ ಹೊರಗೆ, ಮಳೆಯಲ್ಲಿ, ಬೀಗದ ಕೈ ಇಲ್ಲದೆ ನಿಂತಿರುತ್ತೇವೆ.

ಈ ಚಟ ಹುಟ್ಟಿದ್ದು ಅವಮಾನದಿಂದ. ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಈ ದೇಶದವರು ಮಳೆಯ ವಿಷಯ ಮುಗಿದ ಮೇಲೆ ಹಳೇ ಟಿವಿ ಕಾರ್ಯಕ್ರಮಗಳ ವಿಷಯಕ್ಕೆ ಬರುತ್ತಾರೆ. ಆಫೀಸಿನಲ್ಲಿ ಯಾರೋ ಒಬ್ಬರು ಅರ್ಧ ಡೈಲಾಗು ಹೇಳಿದರೆ ಸಾಕು, ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇವರು ಮಾತ್ರ ಏನೂ ಅರ್ಥವಾಗದೆ ಸುಮ್ನೆ ಹಲ್ಲು ಕಿರಿಯಬೇಕಿತ್ತು. ಎಷ್ಟು ದಿನ ಅಂತ ಕಿರಿಯುವುದು? ಒಂದೊಂದೇ ಕಾರ್ಯಕ್ರಮ ನೋಡಲು ಕೂತರು. ನೋಡಿದ್ದು ಸಾಲದು ಅಂತ ಅದರ ಹಿಂದಿನ ಕಥೆ ಓದಲು ಕೂತರು. ಈಗ ಆಫೀಸಿನವರೇ ಇವರನ್ನು ಕಂಡರೆ ಮಾತನ್ನು ಮಳೆಗೆ ತಿರುಗಿಸುತ್ತಾರಂತೆ.

ಮನೆಯವರಾದ ನಮಗೆ ಆ ಸೌಕರ್ಯ ಇಲ್ಲ. ಬೀಗದ ಕೈ ಕಥೆಯನ್ನು ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಮಗ ಬಿಡಲಿಲ್ಲ. ನಮ್ಮ ಮನೆಯಲ್ಲಿ ಪಿಯಾನೋ ಇಲ್ಲ, ಮಗಳ ವೀಣೆ ಇದೆ. ಮೈಸೂರಿನಿಂದ ಕಂಬಳಿ ಸುತ್ತಿ, ವಿಮಾನದಲ್ಲಿ ಜೋಪಾನವಾಗಿ ತಂದ ವೀಣೆ. ಅದರ ಸಾರಣಿ ತಂತಿ ಪಟ್ ಅಂದಾಗ ನಾನು ಅಡುಗೆಮನೆಯಿಂದ ಓಡಿ ಬಂದೆ. ಮಗಳು ಅಳುತ್ತಿದ್ದಳು, ಮಗ ಸೋಫಾದ ಹಿಂದೆ ಅವಿತಿದ್ದ. ಇವರು ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು. “ತಂತಿ ಹೋದರೆ ಹೋಗಲಿ ಬಿಡೇ, ಸದ್ದು ಮಾತ್ರ ಹತ್ತಿರ ಹತ್ತಿರ ಬಂದಿತ್ತು” ಅಂದರು. ಹೊಸ ತಂತಿ ಊರಿನಿಂದ ಬರುವವರೆಗೆ ವೀಣೆ ಟೀಚರ್ ವಿಡಿಯೋ ಕಾಲ್‌ನಲ್ಲಿ ಬರೀ ತಾಳ ಹಾಕಿಸಿದರು.

ಆಮೇಲೆ ಅತ್ತೆ ಬಂದರು. ಆರು ತಿಂಗಳಿಗೆ ಅಂತ ಬಂದವರು. ಈ ದೇಶದಲ್ಲಿ ಅವರಿಗೆ ಮೊದಲ ದಿನವೇ ಹಿಡಿಸಿದ್ದು ‘ಗಾರ್ಡನರ್ಸ್ ವರ್ಲ್ಡ್’ ಅನ್ನುವ ತೋಟದ ಕಾರ್ಯಕ್ರಮ. 1968ರಿಂದ ನಡೆದುಕೊಂಡು ಬಂದಿದೆ. ಭಾಷೆ ಅರ್ಥವಾಗದಿದ್ದರೂ ಗೊಬ್ಬರ ಅರ್ಥವಾಗುತ್ತದೆ, ಅಲ್ವಾ? ಅದನ್ನು ರೆಕಾರ್ಡ್ ಮಾಡಿಕೊಡು ಅಂತ ಮೊಮ್ಮಗನಿಗೆ ಹೇಳಿದರು. ಬಾಕ್ಸಿನಲ್ಲಿ ಜಾಗ ಇರಲಿಲ್ಲ. ಅವನು ಜಾಗ ಮಾಡಿದ. ಇವರು ಕೂಡಿಟ್ಟುಕೊಂಡಿದ್ದ ‘ಡಾಕ್ಟರ್ ಹೂ’ ಕಂತುಗಳೆಲ್ಲ ಒಂದೇ ಗುಂಡಿಗೆ ಮಾಯ.

ಆ ಸಂಜೆ ಮನೆಯಲ್ಲಿ ಸೂತಕ. ಮಗಳು ಮಾತ್ರ ಧೈರ್ಯವಾಗಿ ಹೇಳಿದಳು: “ಅಪ್ಪಾ, ಬಿಬಿಸಿಯವರೇ ಅಳಿಸಿದ್ದರು ಅಂತ ನೀವೇ ಹೇಳಿದ್ದು.” ಅದು ನಿಜವೇ. ಆ ಕಾಲದಲ್ಲಿ ವಿಡಿಯೋ ಟೇಪು ತುಂಬಾ ದುಬಾರಿ. ಪ್ರಸಾರ ಆದ ಮೇಲೆ ಅಳಿಸಿ, ಅದೇ ಟೇಪಿನ ಮೇಲೆ ಇನ್ನೇನೋ ತುಂಬುತ್ತಿದ್ದರು. ಮುಂದೆ ಜನ ಇದನ್ನೆಲ್ಲ ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ನೋಡುತ್ತಾರೆ ಅಂತ ಯಾರ ತಲೆಗೂ ಹೊಳೆದಿರಲಿಲ್ಲ. ಹಾಗಾಗಿ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೋಗೇಬಿಟ್ಟವು. ಆಗಿನ ಅಭಿಮಾನಿಗಳು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮಾತು ಹಿಡಿದಿಟ್ಟುಕೊಂಡಿದ್ದರಿಂದ ಅಷ್ಟಕ್ಕೂ ಧ್ವನಿಯಾದರೂ ಉಳಿದಿದೆ. ಕೆಲವು ಪ್ರತಿಗಳು ಬೇರೆ ದೇಶಗಳಿಗೆ ಮಾರಾಟವಾಗಿದ್ದವು. ಹಾಗೆ ಹೋದ ಒಂಬತ್ತು ಕಂತುಗಳು ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರವೊಂದರಲ್ಲಿ ದೂಳು ಹಿಡಿದು ಬಿದ್ದಿದ್ದು 2013ರಲ್ಲಿ ಜಗತ್ತಿಗೆ ಗೊತ್ತಾಯಿತು.

ಅತ್ತೆ ಎಲ್ಲ ಕೇಳಿಸಿಕೊಂಡರು. “ಸರಿ ಬಿಡು, ಹಂಗಾದ್ರೆ ನೈಜೀರಿಯಾಕ್ಕೆ ಒಂದು ಫೋನ್ ಮಾಡು” ಅಂದು ಟೊಮೆಟೊ ಗಿಡ ಕಟ್ಟುವುದನ್ನು ನೋಡಲು ಕೂತರು. ಆ ಧಾರಾವಾಹಿಯ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು ಎಂದು ಇವರು ಕೊನೇ ಅಸ್ತ್ರ ಬಿಟ್ಟರು. “ಪಾಪ, ಅವರಮ್ಮ ಎಷ್ಟು ಸಂತೋಷಪಟ್ಟಿರ್ತಾರೋ” ಅಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ.

ಬೇಸಿಗೆಯ ರಜಕ್ಕೆ ಎಲ್ಲಿಗೆ ಅಂದಾಗ ಇವರು ಟಾರ್ಕಿ ಅಂದರು. ದಕ್ಷಿಣದ ಕಡಲತೀರದ ಊರು. ಸಮುದ್ರ ಅಂತ ನಾವೂ ಹೂಂ ಅಂದೆವು. ಅರ್ಧ ದಾರಿ ಆದ ಮೇಲೆ ಗೊತ್ತಾಯಿತು, ಸಮುದ್ರ ಬರೀ ನೆಪ. ಟಾರ್ಕಿಯ ‘ಫಾಲ್ಟಿ ಟವರ್ಸ್’ ಹೋಟೆಲು ನೋಡಬೇಕಂತೆ. ಗಿರಾಕಿಗಳನ್ನು ಕಂಡರೆ ಉರಿದು ಬೀಳುವ ಬ್ಯಾಸಿಲ್ ಫಾಲ್ಟಿ ಎಂಬ ಹೋಟೆಲ್ ಮಾಲೀಕನ ಕಥೆ ಅದು. 1975ರಲ್ಲಿ ಆರು ಕಂತು, 1979ರಲ್ಲಿ ಆರು ಕಂತು, ಮುಗಿಯಿತು.

“ಹನ್ನೆರಡೇ ಕಂತಾ?” ಅತ್ತೆಗೆ ನಂಬಿಕೆ ಬರಲಿಲ್ಲ. “ನಮ್ಮ ಧಾರಾವಾಹಿಲಿ ಹನ್ನೆರಡು ಕಂತಿಗೆ ಹುಡುಗಿ ಮೆಟ್ಟಿಲೂ ಇಳಿದಿರಲ್ಲ.”

ಅದನ್ನು ಬರೆದದ್ದು ಜಾನ್ ಕ್ಲೀಸ್ ಮತ್ತು ಅವರ ಹೆಂಡತಿ ಕಾನಿ ಬೂತ್. ಎರಡನೇ ಸರಣಿ ಬರುವ ಹೊತ್ತಿಗೆ ವಿಚ್ಛೇದನ ಆಗಿತ್ತು. ಆದರೂ ಇಬ್ಬರೂ ಸೇರಿಯೇ ಬರೆದು, ಇಬ್ಬರೂ ನಟಿಸಿದರು. ನನ್ನನ್ನು ಕೇಳಿದರೆ ಇವರು ಹೇಳುವ ಕಥೆಗಳಲ್ಲೆಲ್ಲ ದೊಡ್ಡ ಸಾಧನೆ ಇದೇ. ನಾವು ಮದುವೆ ಉಳಿಸಿಕೊಂಡೂ ಸಾಮಾನಿನ ಪಟ್ಟಿಯನ್ನು ಜಗಳವಿಲ್ಲದೆ ಬರೆದವರಲ್ಲ.

ಬ್ಯಾಸಿಲ್‌ಗೆ ಮೂಲ, ಟಾರ್ಕಿಯ ಗ್ಲೆನ್ ಈಗಲ್ಸ್ ಹೋಟೆಲಿನ ಮಾಲೀಕ ಡೊನಾಲ್ಡ್ ಸಿಂಕ್ಲೇರ್. 1970ರಲ್ಲಿ ಶೂಟಿಂಗ್‌ಗೆ ಬಂದ, ಕ್ಲೀಸ್ ಅವರಿದ್ದ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡ ಅಲ್ಲಿ ಉಳಿದುಕೊಂಡಿತ್ತು. ತಂಡದ ಎರಿಕ್ ಐಡಲ್ ಬಿಟ್ಟುಹೋದ ಬ್ಯಾಗಿನಲ್ಲಿ ಬಾಂಬ್ ಇರಬಹುದು ಅಂತ ಈ ಪುಣ್ಯಾತ್ಮ ಅದನ್ನು ಹೊರಗಿನ ಗೋಡೆಯ ಹತ್ತಿರ ಇಟ್ಟು ಬಂದರಂತೆ. ಅಮೆರಿಕದ ಟೆರಿ ಗಿಲಿಯಮ್ ಫೋರ್ಕ್ ಹಿಡಿಯುವ ರೀತಿ ಸರಿಯಿಲ್ಲ ಅಂತ ಊಟದ ಮಧ್ಯೆ ಬೈದರಂತೆ. ಉಳಿದವರೆಲ್ಲ ಗಂಟುಮೂಟೆ ಕಟ್ಟಿದರು. ಕ್ಲೀಸ್ ಮಾತ್ರ ಅಲ್ಲೇ ಉಳಿದು ಮಾಲೀಕರನ್ನು ಗಮನಿಸುತ್ತಾ ಕೂತರು.

ಇಷ್ಟು ಕೇಳಿ ನಮಗೂ ಕುತೂಹಲ ಬಂತು. ಆ ವಿಳಾಸಕ್ಕೆ ಹೋಗಿ ನೋಡಿದರೆ ಹೋಟೆಲೇ ಇಲ್ಲ! ಕೆಡವಿ, ವಯಸ್ಸಾದವರಿಗೆ ಅಂತ ಫ್ಲಾಟುಗಳನ್ನು ಕಟ್ಟಿದ್ದಾರೆ. ಹೆಸರು ‘ಸ್ಯಾಕ್ಸ್ ಲಾಡ್ಜ್’. ಧಾರಾವಾಹಿಯಲ್ಲಿ ಬಾರ್ಸಿಲೋನಾದ ವೇಟರ್ ಮಾನ್ಯುಯೆಲ್ ಆಗಿ ಏಟು ತಿಂದ ಆಂಡ್ರ್ಯೂ ಸ್ಯಾಕ್ಸ್ ನೆನಪಿಗೆ. ಆ ಮಹಾನುಭಾವ ಹುಟ್ಟಿದ್ದು ಸ್ಪೇನಿನಲ್ಲೂ ಅಲ್ಲ, ಇಂಗ್ಲೆಂಡಿನಲ್ಲೂ ಅಲ್ಲ, ಬರ್ಲಿನ್‌ನಲ್ಲಿ. ಸ್ಪೇನಿನವರಿಗೆ ಡಬ್ ಮಾಡುವಾಗ ಮಾನ್ಯುಯೆಲ್‌ನನ್ನು ಇಟಲಿಯವನನ್ನಾಗಿ ಮಾಡಿಬಿಟ್ಟರು.

“ಹೋಗಲಿ, ಶೂಟಿಂಗ್ ಮಾಡಿದ ಕಟ್ಟಡನಾದ್ರೂ ತೋರಿಸ್ರೀ” ಅಂದೆ.

“ಅದು ಇಲ್ಲಿಲ್ಲ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿತ್ತು. ನಮ್ಮನೆ ಹತ್ತಿರಾನೇ. ಅದೂ ಬೆಂಕಿ ಬಿದ್ದು ಹೋಯ್ತು.”

“ನಿಮಗೆ ಇದೆಲ್ಲ ಮೊದಲೇ ಗೊತ್ತಿತ್ತಾ?”

“ಗೊತ್ತಿರದೆ ಏನು? ಇಲ್ಲದ ಜಾಗನೂ ಒಂದ್ಸಲ ನೋಡಬೇಕು ಕಣೇ.”

ಅತ್ತೆ ಏನೂ ಹೇಳಲಿಲ್ಲ. ಕಾರಿನ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿಕೊಂಡರು.

ನಾವು ಉಳಿದುಕೊಂಡ ಮನೆಯಲ್ಲಿ ಬೆಳಗಿನ ತಿಂಡಿ ಒಂಬತ್ತಕ್ಕೆ ಮುಗಿಯುತ್ತದೆ ಅಂತ ಬೋರ್ಡಿತ್ತು. ಅತ್ತೆಯ ಸ್ನಾನ, ಪೂಜೆ ಮುಗಿದು ಕೆಳಗಿಳಿದಾಗ ಮುಳ್ಳು ಒಂಬತ್ತು ದಾಟಿತ್ತು. ಅಡುಗೆಮನೆ ಮುಚ್ಚಿದೆ ಅಂದರು ಮಾಲೀಕರು. ನನಗೆ ಸಿಟ್ಟು ಬಂತು. ಇವರಿಗೆ ಪರಮಾನಂದ! ಸಾಕ್ಷಾತ್ ದರ್ಶನವಾದ ಖುಷಿಯಲ್ಲಿ, “ನೋಡಮ್ಮಾ, ನಾನು ಹೇಳ್ತಿದ್ದೆನಲ್ಲಾ, ಥೇಟ್ ಬ್ಯಾಸಿಲ್ ಫಾಲ್ಟಿ!” ಅಂತ ಗಟ್ಟಿಯಾಗಿ ಹೇಳಿದರು. ಕನ್ನಡದಲ್ಲಿ ಏನು ಅಂದರೂ ಇಲ್ಲಿನವರಿಗೆ ಗೊತ್ತಾಗಲ್ಲ ಅನ್ನುವುದು ಹೊರದೇಶದಲ್ಲಿರುವ ನಮ್ಮೆಲ್ಲರ ಧೈರ್ಯ. ಆದರೆ ಆ ಹೆಸರನ್ನು ಯಾವ ಭಾಷೆಯಲ್ಲಿ ಹೇಳಿದರೂ ಟಾರ್ಕಿಯವರಿಗೆ ಅರ್ಥವಾಗುತ್ತದೆ. ಅಲ್ಲಿಂದ ಹೊರಡುವವರೆಗೆ ನಮ್ಮ ಮೇಜಿಗೆ ಬಂದ ಟೀ ಒಂದೂ ಬಿಸಿ ಇರಲಿಲ್ಲ.

ಊರಿಗೆ ಬಂದವರೇ ಹಜಾರದ ಲೈಟು ಬದಲಾಯಿಸಲು ಏಣಿ ಹತ್ತಿದರು. ಹತ್ತಿದವರು ಕೆಲಸ ಮಾಡಬೇಕು ತಾನೇ? ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ಅನ್ನುವ ಹಾಸ್ಯ ಧಾರಾವಾಹಿಯಲ್ಲಿ ಅರಮನೆಯಂಥ ಮನೆಯ ತೂಗುದೀಪ ಬಿಚ್ಚುವ ದೃಶ್ಯ ಹೇಳಲು ಶುರು ಮಾಡಿದರು. ಅಣ್ಣ ಡೆಲ್ ಬಾಯ್, ಅವನ ತಮ್ಮ ಇಬ್ಬರೂ ಒಂದು ದೀಪದ ಕೆಳಗೆ ಬಟ್ಟೆ ಹಿಡಿದು ನಿಂತಿರುತ್ತಾರೆ. ಮಹಡಿಯಲ್ಲಿರುವ ತಾತ ಇನ್ನೊಂದು ದೀಪದ ಬೋಲ್ಟು ಬಿಚ್ಚಿರುತ್ತಾನೆ. ಬರೆದ ಜಾನ್ ಸಲಿವನ್ ಅವರ ತಂದೆ ಕೆಲಸ ಮಾಡುವಾಗ ನಿಜಕ್ಕೂ ಇಂಥದ್ದೇ ಒಂದು ನಡೆದಿತ್ತಂತೆ. 1982ರಲ್ಲಿ ಚಿತ್ರೀಕರಿಸಿದಾಗ ಬೀಳಿಸಲು ಇದ್ದದ್ದು ಒಂದೇ ಅವಕಾಶ. “ಹಿಂಗೆ ಬಿತ್ತು!” ಅಂತ ಎರಡೂ ಕೈ ಬಿಟ್ಟು ತೋರಿಸಿದರು. ಕೈಯಲ್ಲಿ ನಮ್ಮ ಗಾಜಿನ ಶೇಡ್ ಇತ್ತು. ನಮಗೂ ಇದ್ದದ್ದು ಒಂದೇ.

ಅಷ್ಟರಲ್ಲಿ ಮಕ್ಕಳ ಶಾಲೆಯಲ್ಲಿ ಕ್ವಿಜ್ ರಾತ್ರಿ ಅಂತ ಚೀಟಿ ಬಂತು. ಶಾಲೆಗೆ ದುಡ್ಡು ಕೂಡಿಸಲು ಅಪ್ಪ ಅಮ್ಮಂದಿರು ನಡೆಸುವುದು. ಮೇಜಿಗೆ ಎಂಟು ಜನ, ತಿಂಡಿ ನಿಮ್ಮದೇ, ಫೋನ್ ಮುಟ್ಟುವಂತಿಲ್ಲ. ಒಂದು ಸುತ್ತು ಪೂರ್ತಿ ಟಿವಿ ಬಗ್ಗೆ ಎಂದು ತಿಳಿದದ್ದೇ ತಡ, ತಾಲೀಮು ಶುರು.

ಇಲ್ಲಿ 1972ರಿಂದ ‘ಮಾಸ್ಟರ್‌ಮೈಂಡ್’ ಅಂತ ಒಂದು ಕ್ವಿಜ್ ಬರುತ್ತದೆ. ಕತ್ತಲು, ಕಪ್ಪು ಕುರ್ಚಿ, ಮುಖದ ಮೇಲೆ ಬೆಳಕು, ಪಟಪಟ ಪ್ರಶ್ನೆ. ಹಾಗೇ ಆಗಬೇಕು ಅಂತ ಇವರು ಪರದೆ ಎಳೆದು, ಟೇಬಲ್ ಲ್ಯಾಂಪನ್ನು ಮುಖಕ್ಕೆ ತಿರುಗಿಸಿಕೊಂಡು ಆಫೀಸು ಕುರ್ಚಿಯಲ್ಲಿ ಕೂತರು. ಕೇಳುವ ಕೆಲಸ ನನ್ನದು. ಅತ್ತೆ ಕಾಫಿ ಹಿಡಿದು ಒಳಗೆ ಬಂದವರು ಬಾಗಿಲಲ್ಲೇ ನಿಂತರು. “ಏನೋ ಇದು, ಸ್ಟೇಷನ್ನಿಗೆ ಕರ್ಕೊಂಡು ಹೋಗಿ ವಿಚಾರಣೆ ಮಾಡಿದ ಹಂಗಿದೆ!” ಅಂದರು.

ಅತ್ತೆ ಅಂದದ್ದು ನೂರಕ್ಕೆ ನೂರು ಸರಿ. ಆ ಕಾರ್ಯಕ್ರಮ ರೂಪಿಸಿದ ಬಿಲ್ ರೈಟ್ ಎರಡನೇ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕಿ, ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೋ ವಿಚಾರಣೆ ಅನುಭವಿಸಿದವರು. ಹೆಸರು, ದರ್ಜೆ, ನಂಬರ್ ಎಂದು ಕೇಳುತ್ತಿದ್ದುದೇ ಇಲ್ಲಿ ಹೆಸರು, ಉದ್ಯೋಗ, ವಿಷಯ ಆಯಿತು. ಇದನ್ನು ಇವರು ವಿವರಿಸುತ್ತಿರುವಾಗಲೇ ಸಣ್ಣಗೆ ಉಸ್ ಅಂತ ಸದ್ದು ಕೇಳಿತು. ನಮ್ಮ ಕುರ್ಚಿಯ ಗ್ಯಾಸ್ ಹೋಗಿ ಬಹಳ ದಿನವಾಗಿದೆ. ಕೂತವರು ನಿಧಾನಕ್ಕೆ ಇಳಿಯುತ್ತಾರೆ. ನಾನು ಪ್ರಶ್ನೆ ನಿಲ್ಲಿಸಲಿಲ್ಲ. “ಶುರು ಮಾಡಿದ್ದೀನಿ, ಮುಗಿಸಿಬಿಡ್ತೀನಿ” ಅನ್ನುವುದು ಆ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಮ್ಯಾಗ್ನಸ್ ಮ್ಯಾಗ್ನಸನ್ ಅವರ ಪ್ರಸಿದ್ಧ ಮಾತು. ಅದನ್ನೇ ಹೇಳಿ ಮುಂದುವರಿಸಿದೆ. ಎರಡು ನಿಮಿಷ ಮುಗಿದಾಗ ಮೇಜಿನ ಮೇಲೆ ಇವರ ಮೂಗಿನಿಂದ ಮೇಲಕ್ಕೆ ಮಾತ್ರ ಕಾಣುತ್ತಿತ್ತು.

ಕ್ವಿಜ್ ರಾತ್ರಿ ಅತ್ತೆಯೂ ಬಂದರು, ಒಂದು ಡಬ್ಬಿ ಕೋಡುಬಳೆ ಸಮೇತ. ಟಿವಿ ಸುತ್ತಿನಲ್ಲಿ ನಮ್ಮ ಮೇಜು ಮಿಂಚುತ್ತಿತ್ತು. ಕೊನೆಯ ಪ್ರಶ್ನೆ ಬಂತು. ಡೆಲ್ ಬಾಯ್ ಓಡಿಸುತ್ತಿದ್ದ ಮೂರು ಚಕ್ರದ ಹಳದಿ ವ್ಯಾನು ಯಾವುದು? ಇವರು ನಕ್ಕು ‘ರಿಲಯಂಟ್ ರೀಗಲ್ ಸೂಪರ್‌ವ್ಯಾನ್’ ಅಂತ ಬರೆದು ಕೆಳಗೆ ಗೆರೆ ಎಳೆದರು. ಕ್ವಿಜ್ ಮಾಸ್ಟರ್ ಉತ್ತರ ಓದಿದರು: “ರಿಲಯಂಟ್ ರಾಬಿನ್!” ಇಡೀ ಹಾಲ್ ಹೋ ಅಂತು.

ಇವರು ಎದ್ದು ನಿಂತರು.

ನಾನು ಅಂಗಿ ಹಿಡಿದು ಎಳೆದೆ. ಕೂರಲಿಲ್ಲ. ರಾಬಿನ್ ಬಂದದ್ದೇ 1973ರಲ್ಲಿ, ರೀಗಲ್ ಅದಕ್ಕಿಂತ ಹಳೆಯದು. ಮಿಸ್ಟರ್ ಬೀನ್ ತನ್ನ ಮಿನಿ ಕಾರಿನಲ್ಲಿ ಬಂದು ಮತ್ತೆ ಮತ್ತೆ ಉರುಳಿಸುವ ನೀಲಿ ಗಾಡಿಯೂ ರೀಗಲ್ಲೇ. ‘ಟಾಪ್ ಗೇರ್’ ಅನ್ನುವ ಕಾರುಗಳ ಕಾರ್ಯಕ್ರಮದಲ್ಲಿ ಜೆರೆಮಿ ಕ್ಲಾರ್ಕ್‌ಸನ್ ತಿರುವಿಗೊಮ್ಮೆ ಪಲ್ಟಿ ಹೊಡೆಸಿದ್ದು ಮಾತ್ರ ರಾಬಿನ್. ಅದೂ ಸುಲಭವಾಗಿ ಉರುಳಲಿ ಅಂತ ಡಿಫರೆನ್ಷಿಯಲ್ ಬದಲಾಯಿಸಿದ್ದರು. ಆಮೇಲೆ ಅವರೇ ಒಪ್ಪಿಕೊಂಡಿದ್ದಾರೆ... ಇವರು ಹೇಳುತ್ತಲೇ ಇದ್ದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಹಾಲಿನಲ್ಲಿದ್ದ ಅಷ್ಟೂ ಮೇಜಿನವರು ರಾಬಿನ್ ಅಂತ ಬರೆದು ಅಂಕ ಪಡೆದಿದ್ದರು. ನಮ್ಮ ಪರ ಯಾರು ಮಾತಾಡುತ್ತಾರೆ? ಕ್ವಿಜ್ ಮಾಸ್ಟರ್ ಹೇಳಿದ್ದೇ ಅಂತಿಮ ಅಂತ ನಿಯಮ. ಅಂಕ ಹೋಯಿತು.

ಮುಂದಿನದು ನಾಲ್ಕು ಉತ್ತರ ಓದಿ ಒಂದನ್ನು ಆರಿಸುವ ಸುತ್ತು. ಅದೇ ಹೊತ್ತಿಗೆ ಅತ್ತೆಯ ಗಂಟಲಿಗೆ ಕೋಡುಬಳೆಯ ಖಾರ ಹತ್ತಿತು. ಕ್ವಿಜ್ ಮಾಸ್ಟರ್ ‘ಬಿ’ ಅಂದರು, ಅತ್ತೆ ಕೆಮ್ಮಿದರು. ಉತ್ತರ ‘ಬಿ’. ಇನ್ನೊಂದರಲ್ಲಿ ‘ಡಿ’ ಅಂದಾಗ ಕೆಮ್ಮಿದರು. ಅದೂ ‘ಡಿ’. ಪಕ್ಕದ ಮೇಜಿನಿಂದ ಯಾರೋ “ಮೇಜರ್!” ಅಂತ ಕೂಗಿದರು. ಹಾಲ್ ತುಂಬ ನಗು.

ಅತ್ತೆ ಗಾಬರಿಯಾಗಿ ನನ್ನನ್ನು ನೋಡಿದರು. ಇವರಿಗೆ ಅಷ್ಟೇ ಸಾಕಾಯಿತು. ನಮ್ಮ ಅಪ್ಪು ‘ಕನ್ನಡದ ಕೋಟ್ಯಧಿಪತಿ’ ಅಂತ ನಡೆಸುತ್ತಿದ್ದರಲ್ಲ, ಅದರ ಮೂಲ 1998ರಲ್ಲಿ ಇಲ್ಲೇ ಶುರುವಾದದ್ದು. 2001ರ ಸೆಪ್ಟೆಂಬರಿನಲ್ಲಿ ಸೇನೆಯ ಮೇಜರ್ ಚಾರ್ಲ್ಸ್ ಇಂಗ್ರಮ್ ಅದರಲ್ಲಿ ಹತ್ತು ಲಕ್ಷ ಪೌಂಡ್ ಗೆದ್ದರು. ಕೊನೆಯ ಪ್ರಶ್ನೆ: ಒಂದರ ಮುಂದೆ ನೂರು ಸೊನ್ನೆ ಇರುವ ಸಂಖ್ಯೆ ಯಾವುದು? ಗೂಗಾಲ್. ಈಗ ಅದನ್ನು ಕೇಳಿದರೆ ಮಕ್ಕಳೂ ಹೇಳುತ್ತವೆ. ಸರಿಯುತ್ತರ ಬಂದಾಗ ಸಾಲಿನಲ್ಲಿ ಕೂತ ಟೆಕ್ವೆನ್ ವಿಟಕ್ ಎಂಬವರು ಕೆಮ್ಮುತ್ತಿದ್ದರು ಅಂತ ಕೇಸಾಯಿತು. ನನಗೆ ಅಲರ್ಜಿ ಇದೆ ಅಂದರು ವಿಟಕ್. ಮೇಜರ್, ಅವರ ಹೆಂಡತಿ, ವಿಟಕ್ ಮೂವರೂ ತಪ್ಪಿತಸ್ಥರು ಅಂತ 2003ರಲ್ಲಿ ತೀರ್ಪು ಬಂತು. ದುಡ್ಡು ಕೈಗೆ ಸಿಗಲೇ ಇಲ್ಲ.

“ಕೆಮ್ಮಿದ್ದಕ್ಕೆ ಕೋರ್ಟಾ? ಅಪ್ಪು ಇದ್ದಿದ್ರೆ ನೀರು ತರಿಸಿಕೊಡ್ತಿದ್ದ” ಅಂದರು ಅತ್ತೆ.

ಇಷ್ಟು ಮುಗಿಯುವಷ್ಟರಲ್ಲಿ ಕೊನೆಯ ಪ್ರಶ್ನೆಯ ಸಮಯವೂ ಮುಗಿದಿತ್ತು. ಖಾಲಿ ಚೀಟಿ ಎತ್ತಿಕೊಂಡು ಹೋದರು. ನಾವು ಒಂದೇ ಅಂಕಕ್ಕೆ ಎರಡನೆಯವರಾದೆವು. ಲಕ್ಕಿ ಡ್ರಾದಲ್ಲಿ ಮಾತ್ರ ಅತ್ತೆಯ ಹೆಸರು ಬಂತು. ಬಹುಮಾನ ಒಂದು ಬಾಟಲ್ ವೈನ್. ಅದನ್ನು ಎರಡು ಬೆರಳಲ್ಲಿ ಎತ್ತಿ, ಮೇಜರ್ ಅಂತ ಕೂಗಿದವರಿಗೇ ಕೊಟ್ಟು, ಅವರ ಚಾಕೊಲೇಟ್ ಡಬ್ಬಿ ತೆಗೆದುಕೊಂಡು ಬಂದರು.

ಮಾರನೆಯ ದಿನ ಕ್ವಿಜ್ ಮಾಸ್ಟರ್‌ನಿಂದ ಇಮೇಲ್. ನೋಡಿದೆ, ನೀವು ಹೇಳಿದ್ದೇ ಸರಿ, ರೀಗಲ್ಲೇ. ಫಲಿತಾಂಶ ಬದಲಾಯಿಸಲು ಆಗುವುದಿಲ್ಲ. ಮುಂದಿನ ವರ್ಷದ ಪ್ರಶ್ನೆಗಳನ್ನು ದಯವಿಟ್ಟು ನೀವೇ ಬರೆದುಕೊಡಿ. ಪ್ರಶ್ನೆ ಬರೆದವರು ಆಡುವಂತಿಲ್ಲ ಎಂದು ತಿಳಿದು ನಮ್ಮ ಮೇಜಿನ ಉಳಿದವರು ಫೋನ್ ಮಾಡಿ ಅಭಿನಂದಿಸಿದರು. ಅವರ ದನಿಯಲ್ಲಿ ಇದ್ದ ಸಂತೋಷ ಇವರಿಗೆ ಗೊತ್ತಾದಂತೆ ಕಾಣಲಿಲ್ಲ. ಆ ರಾತ್ರಿಯೇ ಒಂದು ನೋಟ್‌ಬುಕ್ ತುಂಬಿತು. ಪ್ರಶ್ನೆ ಸುಲಭವೋ ಕಷ್ಟವೋ ಅಂತ ನೋಡಲು ಊಟದ ಹೊತ್ತಿನಲ್ಲಿ ನಮ್ಮನ್ನೇ ಕೇಳುತ್ತಾರೆ. ಉತ್ತರ ಹೇಳುವವರೆಗೆ ಸಾರಿನ ಸೌಟು ಅವರ ಕೈಯಲ್ಲೇ ಇರುತ್ತದೆ.

ನಿನ್ನೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು: “ಏನೇ, ನನ್ನ ಟಿಕೆಟ್ಟು ಒಂದು ತಿಂಗಳು ಮುಂಚೆಗೆ ಮಾಡಿಸಕ್ಕೆ ಎಷ್ಟಾಗುತ್ತೆ ಕೇಳು. ನಿಂದೂ ಸೇರಿಸಿ ಕೇಳು.”